ಹಸಿರು ಬಳಿದ ಡಬ್ಬಿ

ಸುತ್ತಿಗೆ ಎರಡನೇ ಸಲ ಮೇಲೆದ್ದಾಗ ಮೀಟರ್ ಇನ್ನೂ ಗೇಟಿನ ಹತ್ತಿರವೇ ಇದ್ದ. ಬೈಕಿಗೆ ಸ್ಟ್ಯಾಂಡ್ ಹಾಕೋಷ್ಟು ಪುರುಸೊತ್ತಿರಲಿಲ್ಲ, ಬೈಕು ಅದರ ಪಾಡಿಗೆ ಮಗ್ಗುಲಾಗಿ ಬಿತ್ತು. ಕೂಗೋಕೆ ಬಾಯಿ ತೆಗೆಯೋ ಹೊತ್ತಿಗೆ ಸುತ್ತಿಗೆ ಇಳಿದಾಗಿತ್ತು. ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಠಣ್ ಅನ್ನಬೇಕು. ಇದು ಅನ್ನಲಿಲ್ಲ. ಒಳಗೆಲ್ಲ ಸೀಸ ತುಂಬಿದ್ದರಿಂದ, ಧಡೂತಿ ಮನುಷ್ಯನ ಬೆನ್ನಿಗೆ ಗುದ್ದಿದ ಹಾಗೆ ದುಬ್ ಅಂದು ಸುಮ್ಮನಾಯಿತು.

“ಭಾವ, ನಿಲ್ಸಿ. ಕೈ ಮುಗೀತೀನಿ, ನಿಲ್ಸಿ.”

ಭಾವ ನಿಲ್ಲಿಸಿದ. ಮಾತು ಕೇಳಿ ಅಲ್ಲ, ಹುಬ್ಬಿನ ಬೆವರು ಒರೆಸಿಕೊಳ್ಳೋಕೆ. ಗುಜರಿ ಅಂಗಡಿಯ ಅಂಗಳದ ನಡುವೆ ಸಿಮೆಂಟಿನ ಕಟ್ಟೆ, ಕಟ್ಟೆ ಮೇಲೆ ಪ್ರೆಶರ್ ಕುಕ್ಕರಿಗೆ ಅಪ್ಪನ ಹಾಗಿರೋ ಹಸಿರು ಡಬ್ಬಿ. ಸುತ್ತ ಫ್ರಿಡ್ಜಿನ ಬಾಗಿಲು, ರೆಕ್ಕೆ ಕಳಕೊಂಡ ಫ್ಯಾನು, ಸ್ಕೂಟರುಗಳ ಅಸ್ಥಿಪಂಜರ. ಡಬ್ಬಿಯ ಹಿಡಿ ಆಗಲೇ ಕತ್ತರಿಸಿ ಕೆಳಗೆ ಬಿದ್ದಿತ್ತು. ಮುಂದಿನ ಬೀಗ ಮುರಿದ ಹಲ್ಲಿನ ಹಾಗೆ ಒಂದೇ ಕಡೆ ಜೋತಾಡುತ್ತಿತ್ತು. ಕಟ್ಟೆಯಿಂದ ಏಳೇ ಹೆಜ್ಜೆ ದೂರದಲ್ಲಿ, ಬೋರಲು ಹಾಕಿದ ಪೇಂಟ್ ಡಬ್ಬದ ಮೇಲೆ ಕೂತು ಅಕ್ಕ ಕೇಬಲ್ಲಿನ ಸಿಪ್ಪೆ ಸುಲಿದು ತಾಮ್ರದ ತಂತಿ ಬೇರೆ ಮಾಡುತ್ತಿದ್ದಳು. ದಿನಾ ಅಲ್ಲೇ ಅವಳ ಜಾಗ.

“ಅಕ್ಕ, ಎದ್ದೇಳು. ಗೇಟಿಂದ ಆಚೆ ಹೋಗು.”

“ಬಂದ ಹೀರೋ,” ಅಂದಳು ಅಕ್ಕ, ತಲೆ ಎತ್ತದೆ. “ತಿಂಡಿ ತಿಂದ್ಯೇನೋ?”

“ತಮಾಷೆ ಅಲ್ಲ ಕಣೇ. ಆ ಡಬ್ಬಿ ನಮ್ಮ ಕಂಪ್ನಿದು. ಅದು ಒಡೆದ್ರೆ ಇಲ್ಲಿ ಒಬ್ರೂ ಉಳಿಯಲ್ಲ.”

ಭಾವ ಗ್ಯಾಸ್ ಕಟರ್ ಹಿಡಿಯೋವನ ಕಡೆ ತಿರುಗಿದ. “ಇದು ಯಾವ ಪಿಕ್ಚರ್ದೋ?”

“ಹೊಸದು ಇರ್ಬೇಕಣ್ಣ. ಹಳೇದ್ರಲ್ಲಿ ಬಾಂಬ್ ಇರೋದು, ಇದ್ರಲ್ಲಿ ಡಬ್ಬಿ.”

ಇಬ್ಬರು ಲೋಡರ್‌ಗಳೂ ನಕ್ಕರು. ಮೀಟರ್ ಜೀವಮಾನದಲ್ಲಿ ಮೊದಲ ಸಲ ನಿಜ ಹೇಳೋಕೆ ಹೊರಟಿದ್ದ. ಅದೂ ಬಾಯಿಂದ ಡೈಲಾಗ್ ಆಗೇ ಬರುತ್ತಿತ್ತು.

ಮೀಟರ್ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ. ಪೈಪುಗಳ ವೆಲ್ಡಿಂಗ್ ಒಳಗೆ ಬಿರುಕಿದೆಯೋ ಇಲ್ಲವೋ ಅಂತ ಫೋಟೋ ತೆಗೆದು ಹೇಳೋ ಕಂಪನಿಯಲ್ಲಿ ಅವನ ಕೆಲಸ. ಫೋಟೋ ತೆಗೆಯೋದು ಕ್ಯಾಮೆರಾ ಅಲ್ಲ, ಡಬ್ಬಿಯೊಳಗಿನ ಮೆಣಸಿನ ಕಾಳಿನಷ್ಟು, ವಿಕಿರಣ ಸೂಸೋ ಕೋಬಾಲ್ಟ್. ಸೀಸದೊಳಗೆ ಇರೋವರೆಗೂ ಅದು ಸಾಧು ಪ್ರಾಣಿ. ಹೊರಗೆ ಬಂದರೆ ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ, ಬಿಸಿ ಇಲ್ಲ. ಎತ್ತಿ ಜೇಬಿಗೆ ಹಾಕಿಕೊಂಡವನು ಸಂಜೆವರೆಗೂ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ಆಮೇಲೆ ವಾಂತಿ, ಆಮೇಲೆ ತೊಡೆ ಚರ್ಮ ಆಲೂಗಡ್ಡೆ ಸಿಪ್ಪೆ ಥರ ಕಳಚಿಕೊಂಡು ಬರುತ್ತೆ. ಅದಕ್ಕೇ ಅವನ ಸೊಂಟದಲ್ಲಿ ಯಾವಾಗಲೂ ಒಂದು ಹಳದಿ ಮೀಟರ್. ಕಿರಣ ಇದ್ದ ಕಡೆ ಟಿಕ್ ಟಿಕ್ ಅನ್ನುತ್ತೆ, ಹೆಚ್ಚಾದಷ್ಟೂ ಜೋರಾಗುತ್ತೆ.

ಕೋತಿ ಕೈಗೆ ಅಂಥದ್ದು ಕೊಟ್ಟರೆ ಸುಮ್ಮನಿರುತ್ತಾ. ಹೋದ ವರ್ಷ ಅಕ್ಕನ ಮನೆಯಲ್ಲಿ ಎಲ್ಲ ಊಟಕ್ಕೆ ಕೂತಿದ್ದಾಗ ಆ ಹಳದಿ ಮೀಟರನ್ನು ಹೊರಗೆ ತೆಗೆದ. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡೋಕೆ ಅಂಗಿ ಗುಂಡಿಯಷ್ಟು ಒಂದು ಚೆಕ್ ಬಿಲ್ಲೆ ಕೊಟ್ಟಿರುತ್ತಾರೆ, ನಿರಪಾಯದ್ದು. ಅದನ್ನು ಬೆರಳ ಸಂದಿಯಲ್ಲಿ ಬಚ್ಚಿಟ್ಟುಕೊಂಡು ಮೀಟರನ್ನು ಭಾವನ ಹೊಟ್ಟೆಗೆ ಹಿಡಿದ. ಅದು ಟರ್‌ರ್ ಅಂತ ಅರಚಿಕೊಂಡಿತು. ಇವನು ಕನ್ನಡಕ ತೆಗೆದು, ನಿಧಾನಕ್ಕೆ ಒರೆಸಿ, ಆಕಾಶ ನೋಡಿದ.

“ಡಾಕ್ಟರ್ ಭಾಷೇಲಿ ಹೇಳ್ಲಾ ಭಾವ, ಮನುಷ್ಯರ ಭಾಷೇಲಿ ಹೇಳ್ಲಾ?”

“ಹೇಳೋ ಮಾರಾಯ.”

“ಮೂರು ದಿನ.”

ಭಾವ ಕೈ ತೊಳೆದು ಎದ್ದ. ಆ ಮೂರು ದಿನ ಅವನು ಅಂಗಡಿ ತೆಗೆಯಲಿಲ್ಲ. ಆರು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣನ ಮನೆಗೆ ಹೋಗಿ ಕಾಲು ಹಿಡಿದ. ಬೀರುವಿನ ಕೀ ಅಕ್ಕನ ಕೈಗೆ ಕೊಟ್ಟ. ಮಲಗಿದ್ದ ಮಗಳ ಪಕ್ಕ ಕೂತು, ಬಾಯಿಗೆ ಟವೆಲ್ ತುರುಕಿಕೊಂಡು ಅತ್ತ. ನಾಲ್ಕನೇ ದಿನ ಮೀಟರ್ ಬಂದು ಬಿಲ್ಲೆ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣನ ಮನೆಯವರು ನಕ್ಕರು, ಅಕ್ಕಾನೂ ನಕ್ಕಳು. ಅವತ್ತಿಂದ ಬೀದಿಯಲ್ಲಿ ಭಾವನ ಹೆಸರು ಮೂರ್‌ದಿನ. ಲಾರಿಯವರು ಗೇಟಲ್ಲಿ ಹಾರ್ನ್ ಹೊಡೆದು ಕೇಳೋರು, “ಏನ್ ಮೂರ್‌ದಿನ, ಇನ್ನೂ ಇದೀಯಾ?”

ಭಾವನೂ ನಗುತ್ತಿದ್ದ. ಅವನು ಹೇಗೆ ನಗುತ್ತಿದ್ದಾನೆ ಅಂತ ಮೀಟರ್ ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ಈಗ ನೋಡಿದ. ಭಾವ ಅದೇ ನಗು ನಗುತ್ತಾ ಸುತ್ತಿಗೆಯ ಕಾವು ಬಿಗಿಯಾಗಿ ಹಿಡಿದ.

“ಭಾವ, ಅಮ್ಮನಾಣೆ. ಬೇಕಾದ್ರೆ ಕೇಳಿಸ್ಕೊಳ್ಳಿ.” ಮೀಟರ್ ಓಡಿಬಂದು ಹಳದಿ ಯಂತ್ರವನ್ನು ಡಬ್ಬಿಗೆ ಹಿಡಿದ.

ಟಿಕ್. ಟಿಕ್ ಟಿಕ್. ಟಿಕ್.

“ಇಷ್ಟೇನಾ?” ಅಂದ ಭಾವ. “ಅವತ್ತು ನನ್ನ ಹೊಟ್ಟೆ ಇದಕ್ಕಿಂತ ಜೋರಾಗಿ ಕೂಗಿತ್ತಲ್ಲೋ.”

“ಅದು ಬಿಲ್ಲೆ ಇಟ್ಟಿದ್ದೆ, ನಿಮಗೆ ಗೊತ್ತಲ್ಲ. ಇದು ಒಳಗೆ ಸೀಸ ಇರೋದ್ರಿಂದ ಕಮ್ಮಿ ಕೂಗ್ತಿದೆ. ಸೀಸ ಗಟ್ಟಿಯಾಗಿರೋದಕ್ಕೇ ಕಮ್ಮಿ. ಅರ್ಥ ಆಗ್ತಿಲ್ವಾ?”

“ಆಯ್ತು ಬಿಡು. ಜೋರಾಗಿ ಕೂಗಿದ್ರೆ ಸುಳ್ಳು, ಮೆಲ್ಲಗೆ ಕೂಗಿದ್ರೆ ನಿಜ. ಸರಿಯಾಗಿದೆ.”

“ರೀ, ಅವನ ಮುಖ ನೋಡಿ, ಯಾಕೋ ಬೆವೀತಿದಾನೆ,” ಅಂದಳು ಅಕ್ಕ.

“ಅವತ್ತೂ ಬೆವೀತಿದ್ದ. ಕಲಾವಿದ ಅವನು.”

ಡಬ್ಬಿಗೂ ಒಂದು ಕಥೆ ಇತ್ತು, ಅದನ್ನು ಹೇಳೋಕೆ ಮೀಟರ್‌ಗೆ ಬಾಯಿ ಬರಲಿಲ್ಲ. ಇಂಥ ಡಬ್ಬಿ ಇಟ್ಟುಕೊಳ್ಳೋಕೆ ಒಂದು ಪರ್ಮಿಟ್ ಬೇಕು, ಬಳಸೋಕೆ ಇನ್ನೊಂದು, ವಿಲೇವಾರಿ ಮಾಡೋಕೆ ಮತ್ತೊಂದು. ಮದುವೆಗೇ ಒಂದು ಸರ್ಟಿಫಿಕೇಟ್ ಸಾಕು, ಇದಕ್ಕೆ ಮೂರು ಅಂತ ಓನರ್ ಗೊಣಗುತ್ತಿದ್ದ. ಹೊಸ ಡಬ್ಬಿ ಬಂದ ಮೇಲೆ ಈ ಹಳೇದನ್ನು ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ. ಇಟ್ಟುಕೊಳ್ಳೋ ಪರ್ಮಿಟ್ ಮುಗಿಯಿತು. ಈಗ ವಿಲೇವಾರಿಗೆ ಅರ್ಜಿ ಹಾಕಿದರೆ ಇಷ್ಟು ದಿನ ಪರ್ಮಿಟ್ ಇಲ್ಲದೆ ಹೇಗೆ ಇಟ್ಟುಕೊಂಡ್ರಿ ಅಂತ ಕೇಳುತ್ತಾರೆ, ಕಂಪನಿಗೇ ಬೀಗ. ಅಷ್ಟರಲ್ಲಿ ತಪಾಸಣೆಗೆ ಬರ್ತೀವಿ ಅಂತ ಪರ್ಮಿಟ್ ಆಫೀಸಿನಿಂದ ಕಾಗದ ಬಂತು.

“ಅದು ಕಾಣಬಾರ್ದು ಕಣೋ,” ಅಂದಿದ್ದ ಓನರ್. “ನಿನ್ನ ಹೆಸ್ರೇ ಇದೆ ಪರ್ಮಿಟ್‌ನಲ್ಲಿ, ಜವಾಬ್ದಾರಿ ವ್ಯಕ್ತಿ ಅಂತ. ನಾನೊಬ್ಬನೇ ಮುಳುಗಲ್ಲ.”

ಮೀಟರ್ ಸ್ಕ್ರೂ ಬಿಚ್ಚಿ ನಂಬರಿನ ತಗಡು ತೆಗೆದ. ಡಬ್ಬಿ ಮೈಮೇಲೆ ಹಳದಿ ಬಣ್ಣದ ಮೇಲೆ ಫ್ಯಾನಿನ ಥರ ಮೂರು ಕಪ್ಪು ರೆಕ್ಕೆಯ ಗುರುತಿತ್ತು. ಅದರ ಮೇಲೆ, ಜನರೇಟರಿಗೆ ಹೊಡೆಯೋಕೆ ತಂದಿದ್ದ ಹಸಿರು ಬಣ್ಣವನ್ನೇ ಎರಡು ಕೋಟ್ ಬಳಿದ. ಬಳಿಯುತ್ತಾ ಸೀಟಿ ಹೊಡೆದಿದ್ದ. ಜನರೇಟರಿನ ಹಿಂದೆ ಟಾರ್ಪಾಲ್ ಹೊದಿಸಿಟ್ಟ ಡಬ್ಬಿ ಅದರದೇ ಒಂದು ಭಾಗದ ಹಾಗೆ ಕಾಣುತ್ತಿತ್ತು. ತಪಾಸಣೆಯವರು ಬಂದರು, ಹೊಸ ಡಬ್ಬಿ ನೋಡಿದರು, ಟೀ ಕುಡಿದು ಹೋದರು. ಅವತ್ತು ಸಂಜೆ ಅವನು ಎಲ್ಲರಿಗೂ ಆ ಸೀನು ಆಕ್ಟ್ ಮಾಡಿ ತೋರಿಸಿದ್ದ.

ಒಂದು ತಿಂಗಳಾದ ಮೇಲೆ ಜನರೇಟರ್ ಹಿಂದಿನ ಕಸ ತೆಗೆಸಬೇಕು ಅಂದ ಓನರ್. “ನಮ್ಮ ಭಾವನೇ ಇದಾರಲ್ಲ ಸಾರ್, ಗುಜರಿ,” ಅಂದದ್ದೂ ಮೀಟರೇ. ಭಾವ ಟೆಂಪೋ ತಂದ ದಿನ, ಡಬ್ಬಿಯನ್ನು ಪಕ್ಕಕ್ಕೆ ಎತ್ತಿಡಬೇಕಾಗಿದ್ದ ಇವನು ಬೇರೆ ಊರಲ್ಲಿ ಪೈಪಿನ ಕೆಳಗೆ ಮಲಗಿದ್ದ. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಜನರೇಟರಿನ ಹಿಂದೆ ನೆಲ ಗುಡಿಸಿದ ಹಾಗಿತ್ತು. ಓನರ್‌ಗೆ ಫೋನ್ ಮಾಡಿದ. “ಸುಮ್ನೆ ಹೋಗಿ ಎತ್ಕೊಂಡು ಬಾ. ಯಾರಿಗೂ ಏನೂ ಬಾಯಿ ಬಿಡ್ಬೇಡ,” ಅಂದು ಇಟ್ಟುಬಿಟ್ಟ.

ಸುತ್ತಿಗೆ ಮೂರನೇ ಸಲ ಎದ್ದಿತು. ಮೀಟರ್ ಹೋಗಿ ಡಬ್ಬಿಯ ಮೇಲೆ ಕೂತ.

“ಹೊಡೀರಿ ಈಗ.”

ಭಾವ ಸುತ್ತಿಗೆ ಕೆಳಗಿಟ್ಟ. ಬಂದು ಅವನ ಕಾಲರ್ ಹಿಡಿದು ಎತ್ತಿದ. ಇಪ್ಪತ್ತು ವರ್ಷ ಎಂಜಿನ್ ಎತ್ತಿದ ಕೈ. ಮೀಟರ್‌ನ ಕಾಲು ನೆಲ ಬಿಟ್ಟಿತು.

“ಮೊದ್ಲನೇ ದಿನಕ್ಕೆ,” ಅಂದು ಮುಖಕ್ಕೆ ಗುದ್ದಿದ. ಮೂಗಿನೊಳಗೆ ಏನೋ ಕಟಕ್ ಅಂತು, ಬಾಯಿಗೆ ಉಪ್ಪು ನೀರು ಇಳಿಯಿತು.

“ರೀ,” ಅಂದಳು ಅಕ್ಕ.

“ಎರಡ್ನೇ ದಿನಕ್ಕೆ.” ಇದು ಹೊಟ್ಟೆಗೆ. ಮೀಟರ್ ಬಗ್ಗಿದ, ಉಸಿರು ಹೋಯಿತು, ಬರಲಿಲ್ಲ.

“ಇದು ಮೂರ್ನೇದಕ್ಕೆ. ನನ್ನ ಮಗಳ ಮುಂದೆ ಅತ್ನಲ್ಲ, ಅದಕ್ಕೆ.” ಮೊಣಕಾಲಿನಿಂದ ಗದ್ದಕ್ಕೆ ಕೊಟ್ಟ. ಒಂದು ಹಲ್ಲು ನಾಲಿಗೆ ಮೇಲೆ ಬಂದು ಕೂತಿತು. ಭಾವ ಅವನನ್ನು ಸ್ಕೂಟರ್ ರಾಶಿಯ ಕಡೆ ಎಸೆದ. ಹ್ಯಾಂಡಲ್ ಒಂದು ಬೆನ್ನಿಗೆ ನಾಟಿತು. ಲೋಡರ್‌ಗಳು ಈಗ ನಗುತ್ತಿರಲಿಲ್ಲ.

“ಆಯ್ತಾ, ಸಾಕಾ?” ಅಂದ ಭಾವ, ತನಗೇ ಕೇಳಿಕೊಂಡ ಹಾಗೆ. ಮತ್ತೆ ಸುತ್ತಿಗೆ ಎತ್ತಿಕೊಂಡು ಕಟ್ಟೆ ಹತ್ತಿರ ಹೋದ. ಜೋತಾಡುತ್ತಿದ್ದ ಬೀಗಕ್ಕೆ ಗುರಿ ಇಟ್ಟ.

ಮೀಟರ್‌ನ ಕೈಗೆ ಸಿಕ್ಕಿದ್ದು ಲಾರಿ ಸ್ಪ್ರಿಂಗಿನ ಕಬ್ಬಿಣದ ಪಟ್ಟಿ, ತೋಳುದ್ದ, ಎರಡು ಬೆರಳು ದಪ್ಪ. ಅವನು ಯಾರಿಗೂ ಯಾವತ್ತೂ ಹೊಡೆದವನಲ್ಲ. ಕನ್ನಡಿ ಮುಂದೆ ಎಷ್ಟೋ ಸಲ ಹೊಡೆದಿದ್ದ, ಬಾಯಲ್ಲೇ ಡಿಶುಂ ಅಂತ. ಈಗ ಬಾಯಲ್ಲಿ ಹಲ್ಲಿತ್ತು. ಎರಡೂ ಕೈಯಿಂದ ಪಟ್ಟಿ ಬೀಸಿದ. ಅದು ಭಾವನ ಬಲಗೈಗೆ, ಮಣಿಕಟ್ಟಿಗೂ ಮೊಣಕೈಗೂ ನಡುವೆ ಬಿತ್ತು. ಹಸಿ ಕೊಂಬೆ ಮುರಿದ ಸದ್ದು. ಸುತ್ತಿಗೆ ಕೆಳಗೆ ಬಿತ್ತು. ಭಾವನ ಕೈ ಬಗ್ಗಬಾರದ ಕಡೆ ಬಗ್ಗಿ ನೇತಾಡಿತು. ಚರ್ಮದೊಳಗಿಂದ ಬಿಳಿ ಮೂಳೆ ಇಣುಕಿ ನೋಡುತ್ತಿತ್ತು.

ಭಾವ ಕೂಗಲಿಲ್ಲ. ಕೈಯನ್ನೇ ನೋಡಿದ, ಯಾರದೋ ಕೈ ಅನ್ನೋ ಹಾಗೆ. ಆಮೇಲೆ ಕೂತ, ಆಮೇಲೆ ಕೂಗಿದ.

ಲೋಡರ್‌ಗಳು ಮೀಟರ್‌ನ ಮೇಲೆ ಬಿದ್ದರು. ಒಬ್ಬ ಪಕ್ಕೆಗೆ ಒದ್ದ, ಇನ್ನೊಬ್ಬ ಪಟ್ಟಿ ಹಿಡಿದ ಬೆರಳುಗಳನ್ನು ಬೂಟಿನಿಂದ ತುಳಿದ. ಅಕ್ಕ ಓಡಿಬಂದಳು. ಬಿಡಿಸೋಕೆ ಬಂದಳು ಅಂದುಕೊಂಡ. ಅವಳು ಚಪ್ಪಲಿ ಕೈಗೆ ತೆಗೆದುಕೊಂಡಳು, ಮುಖ ತಲೆ ನೋಡದೆ ಬಾರಿಸಿದಳು, ತೋಳು ಸೋಲೋವರೆಗೂ.

“ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಓಡಾಡಿದೀನಲ್ಲೋ. ನನ್ನ ಗಂಡನ್ನ ಮುರಿಯೋಕಾ ಬೆಳೆದಿದ್ದು.”

ಅವಳು ಸುಲಿದಿಟ್ಟ ತಾಮ್ರದ ತಂತಿಯಲ್ಲೇ ಅವನ ಕೈ ಹಿಂದಕ್ಕೆ ಕಟ್ಟಿದರು. ಮೂರು ಸುತ್ತು, ಇಕ್ಕಳದಲ್ಲಿ ತಿರುಚಿ. ಮುಳ್ಳಿನ ಹಾಗೆ ಮಾಂಸದೊಳಗೆ ಇಳಿಯಿತು.

“ಕಟ್ ಮಾಡ್ರೋ ಅದನ್ನ,” ಅಂದ ಭಾವ ಹಲ್ಲು ಕಚ್ಚಿಕೊಂಡು. ಬಣ್ಣ ಇಳಿದ ಮುಖ. “ಆಸ್ಪತ್ರೆ ಆಮೇಲೆ. ಇವನ ಕಣ್ಮುಂದೇನೇ ಕಟ್ ಮಾಡ್ರಿ. ಒಳಗೆ ಏನೂ ಇಲ್ಲ ಅಂತ ಇವನೇ ನೋಡ್ಲಿ.”

ಕಟರ್‌ನವನು ಸಿಲಿಂಡರ್ ತಿರುಗಿಸಿದ. ಫಟ್ ಅಂತ ನೀಲಿ ಬೆಂಕಿ ಹತ್ತಿತು. ಬಗ್ಗಿ ಡಬ್ಬಿಯ ಹೊಲಿಗೆಗೆ ಹಿಡಿದ. ಹಸಿರು ಬಣ್ಣ ಗುಳ್ಳೆ ಎದ್ದು, ಸುಟ್ಟ ವಾಸನೆ ಬಂತು.

ಅಷ್ಟು ಹೊಡೆತ ತಿಂದು, ಅಷ್ಟು ಹೊಡೆದರೂ ಬೆಂಕಿ ಮಾತ್ರ ನಿಂತಿರಲಿಲ್ಲ. ಮೀಟರ್ ಹಲ್ಲು ಉಗಿದ. ಎಷ್ಟೋ ಡೈಲಾಗ್ ಇದ್ದವು, ಒಂದೂ ಬರಲಿಲ್ಲ.

“ಅಕ್ಕ. ಬಣ್ಣ ಕೆರೆದು ನೋಡು.”

“ಬಾಯ್ ಮುಚ್ಚು.”

“ಬೀಗದ ಪಕ್ಕ ಕೆರಿ. ಹಳದಿ ಬಣ್ಣ ಇರುತ್ತೆ, ಅದರ ಮೇಲೆ ಕಪ್ಪು, ಮೂರು ರೆಕ್ಕೆ. ಇಲ್ದಿದ್ರೆ ಆ ಬೆಂಕೀನ ನನ್ನ ಮುಖಕ್ಕೆ ಹಿಡೀರಿ, ಕೂಗಲ್ಲ.”

ಅಕ್ಕ ಒಂದು ಕ್ಷಣ ಅವನನ್ನೇ ನೋಡಿದಳು. ಕೇಬಲ್ ಸುಲಿಯೋ ಚಾಕು ಇನ್ನೂ ಅವಳ ಸೊಂಟದಲ್ಲಿತ್ತು. ಹೋಗಿ ಕಟರ್‌ನವನ ಭುಜ ತಳ್ಳಿದಳು. ಬೆಂಕಿ ಆಚೆ ಹೋಯಿತು. ಚಾಕುವಿನಿಂದ ಒಂದು ಗೀರು ಎಳೆದಳು. ಇನ್ನೊಂದು. ಆಮೇಲೆ ಹಲ್ಲಿಯ ಹಾಗೆ ಡಬ್ಬಿಗೆ ಅಂಟಿಕೊಂಡು ಬರಬರ ಕೆರೆದಳು. ಹಸಿರು ಚೂರು ಚೂರಾಗಿ ಉದುರಿತು. ಹಳದಿ ಬಂತು. ಹಳದಿಯ ಮೇಲೆ ಒಂದು ಕಪ್ಪು ರೆಕ್ಕೆ ಬಂತು. ಎರಡನೇದು ಬರೋ ಹೊತ್ತಿಗೆ ಅವಳ ಕೈ ನಿಂತಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ರೂಮಿನ ಬಾಗಿಲಿಗೆ ಅಂಟಿಸಿರುತ್ತಾರಲ್ಲ, ಅದು.

ಕಟರ್‌ನವನು ಗ್ಯಾಸ್ ಬಂದ್ ಮಾಡಿದ. ಮಾಡು ಅಂತ ಯಾರೂ ಹೇಳಿರಲಿಲ್ಲ.

“ಯಾರು ಬಳ್ದಿದ್ದು ಇದನ್ನ?” ಅಕ್ಕ ಬೆನ್ನು ಹಾಕಿಕೊಂಡೇ ಕೇಳಿದಳು.

“ನಾನು.”

“ಯಾಕೆ?”

“ಪರ್ಮಿಟ್ ಮುಗ್ದಿತ್ತು. ತಪಾಸಣೆಯವ್ರಿಗೆ ಕಾಣಬಾರ್ದು ಅಂತ.”

ಅಕ್ಕ ತಿರುಗಿ ಬಂದಳು. ಮೀಟರ್ ಹೊಡೆತಕ್ಕೆ ಕಣ್ಣು ಮುಚ್ಚಿದ. ಅವಳು ಹೊಡೆಯಲಿಲ್ಲ. ಕಣ್ಣು ಬಿಟ್ಟಾಗ ಅವಳ ಮುಖ ಬಹಳ ಹತ್ತಿರ ಇತ್ತು.

“ಯಾರಿಗೆ ಫೋನ್ ಮಾಡ್ಬೇಕು?”

“ನನ್ನ ಬ್ಯಾಡ್ಜ್ ಹಿಂದೆ ನಂಬರ್ ಇದೆ. ಪರ್ಮಿಟ್ ಆಫೀಸು. ಓನರ್‌ಗಲ್ಲ.”

ಆ ನಂಬರಿಗೆ ಫೋನ್ ಹೋದರೆ ತಾನು ಹೋದ ಹಾಗೆ ಅಂತ ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಾಯಿತು ಅನಿಸುತ್ತೆ. ಅವನ ಎದೆ ಮೇಲಿದ್ದ ಬ್ಯಾಡ್ಜ್ ತಿರುಗಿಸಿ, ಒಂದೊಂದೇ ಅಂಕಿ ಜೋರಾಗಿ ಹೇಳುತ್ತಾ ಒತ್ತಿದಳು.

ಫೋನಿನ ಆ ಕಡೆಯವರು ಹೇಳಿದ್ದು ಇಷ್ಟು. ಎಲ್ಲರೂ ಡಬ್ಬಿಯಿಂದ ದೂರ ಹೋಗಿ, ಯಾರೂ ಏನೂ ಮುಟ್ಟಬೇಡಿ, ನಾವು ಬಂದು ಅಳೆಯೋವರೆಗೂ ಯಾರೂ ಗೇಟು ದಾಟಬೇಡಿ. ಕೈ ಮುರಿದವರಿದಾರೆ ಅಂದಳು ಅಕ್ಕ. ಅವರೂ ದಾಟಬಾರ್ದು, ಆಂಬುಲೆನ್ಸ್ ನಾವೇ ತರ್ತೀವಿ ಅಂದರು. ಮುಕ್ಕಾಲು ಗಂಟೆ ಆರು ಜನ ಗೇಟಿನ ಗೋಡೆಗೆ ಒರಗಿ ಕೂತರು. ಭಾವನ ಕೈಗೆ ರಟ್ಟು ಕಟ್ಟಿದ್ದರು. ರಟ್ಟು ಕೆಂಪಾಗುತ್ತಾ ಬಂತು. ಮೀಟರ್‌ನ ಕೈ ಯಾರೂ ಬಿಚ್ಚಲಿಲ್ಲ, ಅವನೂ ಕೇಳಲಿಲ್ಲ. ಭಾವ ಒಂದೇ ಒಂದು ಸಲ ಮಾತಾಡಿದ.

“ಇವತ್ತು ಶನಿವಾರ, ಶಾಲೆ ಬಿಡೋ ಹೊತ್ತಾಯ್ತು. ಮಗಳು ಇಲ್ಲಿಗೇ ಬರ್ತಾಳೆ.”

“ನಿಮ್ಮಣ್ಣಂಗೆ ಫೋನ್ ಮಾಡಿದೀನಿ, ಅವ್ರ ಮನೆಗೆ ಕರ್ಕೊಂಡು ಹೋಗ್ತಾರೆ,” ಅಂದಳು ಅಕ್ಕ.

ಪರ್ಮಿಟ್ ಆಫೀಸಿನ ಮೇಡಂ ಬಿಳಿ ಜೀಪಿನಲ್ಲಿ ಬಂದರು. ಜೊತೆಗೆ ಇಬ್ಬರು, ಹಿಂದೆ ಆಂಬುಲೆನ್ಸ್, ಅದರ ಹಿಂದೆ ಪೊಲೀಸ್. ಮೇಡಂ ಉದ್ದನೆ ಕೋಲಿನ ತುದಿಗೆ ಅಳೆಯೋ ಯಂತ್ರ ಕಟ್ಟಿಕೊಂಡು ಡಬ್ಬಿಯ ಸುತ್ತ ಒಂದು ಸುತ್ತು ಬಂದರು, ಮುರಿದ ಬೀಗದ ಹತ್ತಿರ ತುಂಬಾ ಹೊತ್ತು ನಿಂತರು. ವಾಪಸ್ ಬಂದಾಗ ಅವರ ಮೇಲ್ದುಟಿ ಬೆವತಿತ್ತು.

“ಬೀಗದ ಹಿಂದಿನ ಮುಚ್ಚಳ ಒಂದು ಬೆರಳು ಸರಿದಿದೆ. ಇನ್ನೊಂದು ಏಟು ಬಿದ್ದಿದ್ರೆ…” ಅಂದವರು ಮಾತು ಮುಗಿಸಲಿಲ್ಲ. “ಇದರ ಜವಾಬ್ದಾರಿ ಯಾರ್ದು?”

“ನಂದು ಮೇಡಂ.”

“ಇಟ್ಕೊಳ್ಳೋ ಪರ್ಮಿಟ್?”

“ಮುಗ್ದು ಏಳು ತಿಂಗ್ಳಾಯ್ತು.”

“ವಿಲೇವಾರಿಗೆ?”

“ಅರ್ಜಿ ಹಾಕೇ ಇಲ್ಲ. ಬಣ್ಣ ನಾನೇ ಹೊಡ್ದೆ. ತಗಡು ನನ್ನ ಡ್ರಾಯರಲ್ಲಿದೆ. ಅವರ ಕೈಯೂ ನಾನೇ ಮುರಿದಿದ್ದು.”

ಮೇಡಂ ಬರೆದುಕೊಳ್ಳುತ್ತಿದ್ದ ಪೆನ್ನು ಎತ್ತಿ ಅವನ ಮುಖ ನೋಡಿದರು, ಬೆನ್ನ ಹಿಂದೆ ಇಣುಕಿದರು. “ಇವ್ರ ಕೈ ಬಿಚ್ಚಿ ಯಾರಾದ್ರೂ.”

ಯಾರೂ ಏಳಲಿಲ್ಲ. ಮೇಡಂ ಮೊದಲು ಭಾವನ ಹತ್ತಿರ ಹೋದರು. ತಲೆಯಿಂದ ಶುರು ಮಾಡಿ ಯಂತ್ರ ಕೆಳಗಿಳಿಸಿದರು. ಹೊಟ್ಟೆ ಹತ್ತಿರ ಬಂದಾಗ ಭಾವ ಕಣ್ಣು ಮುಚ್ಚಿಕೊಂಡ. ಒಳ್ಳೆ ಕೈಯಿಂದ ನೆಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದ.

ಟಿಕ್. ಟಿಕ್.

“ಏನೂ ಇಲ್ಲ,” ಅಂದರು ಮೇಡಂ.

ಭಾವ ಕಣ್ಣು ಬಿಟ್ಟ, ಅವರನ್ನು ನೋಡಲಿಲ್ಲ. ಗೋಡೆಯ ಆ ಕೊನೆಯಲ್ಲಿದ್ದ ಮೀಟರ್‌ನನ್ನು ನೋಡಿದ.

“ಲೋ. ನೀನು ಹೇಳು.”

“ಏನೂ ಇಲ್ಲ ಭಾವ. ಬರೀ ಗಾಳಿಗೂ ಅಷ್ಟು ಕೂಗುತ್ತೆ.”

ಭಾವ ತುಂಬಾ ಹೊತ್ತು ಅವನ ಬಾಯನ್ನೇ ನೋಡಿದ, ರಕ್ತ ಒಣಗಿದ ತುಟಿಯ ಮೂಲೆಯಲ್ಲಿ ನಗು ಏನಾದರೂ ಅಲುಗುತ್ತಾ ಅಂತ. ಆಮೇಲೆ ಮೇಡಂ ಕಡೆ ತಿರುಗಿದ.

“ಇನ್ನೊಂದ್ಸಲ ಹಿಡೀರಿ.”

ಅವರು ಹಿಡಿದರು. ಅಕ್ಕ ಎದ್ದು, ಗೋಡೆ ಹಿಡಿದುಕೊಂಡು ಮೀಟರ್‌ನ ಹಿಂದಕ್ಕೆ ಬಂದಳು. ಇಕ್ಕಳದ ತಣ್ಣನೆ ಬಾಯಿ ಅವನ ಮಣಿಕಟ್ಟಿಗೆ ತಾಗಿತು. ಕಟ್ ಅಂತು. ಮೂರು ಸುತ್ತಿನಲ್ಲಿ ಒಂದು ಸುತ್ತು ಸಡಿಲವಾಯಿತು.

“ಇನ್ನೊಂದ್ಸಲ,” ಅನ್ನುತ್ತಿದ್ದ ಭಾವ.

ಟಿಕ್. ಇಕ್ಕಳ ಎರಡನೇ ಸುತ್ತಿನ ಮೇಲೆ ಬಾಯಿ ತೆರೆದುಕೊಂಡು ಹಾಗೇ ನಿಂತಿತು. ಟಿಕ್. ಅಕ್ಕನೂ ಕೇಳಿಸಿಕೊಳ್ಳುತ್ತಿದ್ದಳು.